ಒಳ್ಳೇ ಕಣ್ಣಿಗೆ ರಜೆ ಕೊಡಿಸುವ ಸೌಟಕ್ಕ

ಶಾಲೆಯ ಗೇಟಿನ ಬೀಗ ಇನ್ನೂ ತೆಗೆದಿಲ್ಲ. ಬೀದಿದೀಪ ಆರಿ ಸ್ವಲ್ಪ ಹೊತ್ತಾಗಿದೆಯಷ್ಟೇ. ಹೆಗಲಿಗೆ ಚೀಲ, ಕಂಕುಳಲ್ಲಿ ಸುರುಳಿ ಸುತ್ತಿದ ಕಣ್ಣು ತಪಾಸಣೆಯ ಪಟಗಳು, ಕೈಯಲ್ಲಿ ಕ್ಯಾಮೆರಾ ಪೆಟ್ಟಿಗೆ ಹಿಡಿದ ಹೆಂಗಸೊಬ್ಬಳು ಗೇಟಿನ ಸರಪಳಿ ಅಲ್ಲಾಡಿಸುತ್ತಾಳೆ. ಕಾವಲುಗಾರ ಆಕಳಿಸುತ್ತ ಬರುತ್ತಾನೆ. "ನಿಮಗಂತೂ ನಿದ್ದೆ ಬರಲ್ಲ, ನನಗೂ ಮಾಡೋಕೆ ಬಿಡಲ್ಲ" ಎಂದು ಗೊಣಗುತ್ತಾನೆ. "ಮಕ್ಕಳು ಬಂದ್ಮೇಲೆ ಅಳತೆ ಹಿಡಿಯೋಕಾಗುತ್ತೇನಣ್ಣ? ಹಗ್ಗ ಕಂಡ್ರೆ ಸಾಕು, ಜಿಗಿಯೋಕೆ ಶುರು ಮಾಡ್ತಾರೆ" ಎನ್ನುತ್ತ ಅವಳು ಒಳಗೆ ನುಗ್ಗುತ್ತಾಳೆ.

ಅವಳಿಗೆ ಕೊಟ್ಟಿರುವುದು ಮುರಿದ ಬೆಂಚುಗಳನ್ನು ಪೇರಿಸಿಟ್ಟ ಮೂಲೆ ಕೋಣೆ. ಯಾವ ಶಾಲೆಗೆ ಹೋದರೂ ಅವಳ ಪಾಲಿಗೆ ಬರುವುದು ಇಂಥದ್ದೇ. ಮೊದಲು ಕಿಟಕಿ ನೋಡುತ್ತಾಳೆ. ಬೆಳಕು ಪಟದ ಮೇಲೆ ಬೀಳಬೇಕು, ಮಗುವಿನ ಮುಖಕ್ಕೆ ಹೊಡೆಯಬಾರದು. ಪಟವನ್ನು ಪುಟಾಣಿಗಳ ಕಣ್ಣಿನ ಎತ್ತರಕ್ಕೆ ತೂಗುಹಾಕಿ, ಗಂಟು ಕಟ್ಟಿದ ಹಗ್ಗ ಹಿಡಿದು ಪಟದಿಂದ ಅಳೆಯುತ್ತಾಳೆ. ಹತ್ತಿರದ ಗಂಟು ಚಿಕ್ಕವರಿಗೆ, ದೂರದ್ದು ದೊಡ್ಡವರಿಗೆ. ಗಂಟು ಮುಟ್ಟಿದ ಕಡೆ ನೆಲಕ್ಕೆ ಕೆಂಪು ಟೇಪು ಅಂಟಿಸುತ್ತಾಳೆ. ಪಕ್ಕದ ಸಾಮಾನು ಕೋಣೆಯ ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿ ಮಬ್ಬು ಮಾಡುತ್ತಾಳೆ. ಮಬ್ಬಿನಲ್ಲಿ ಕಣ್ಣಿನ ಪಾಪೆ ಅರಳಿದರೇನೇ, ಕಣ್ಣಿನ ದೋಷ ಹಿಡಿಯುವ ಆ ಕ್ಯಾಮೆರಾಕ್ಕೆ ಕೆಲಸ.

ಮಕ್ಕಳು ಅವಳಿಗೆ ಇಟ್ಟಿರುವ ಹೆಸರು ಸೌಟಕ್ಕ. ಒಂದು ಕಣ್ಣು ಮುಚ್ಚಲು ಅವಳು ಹಿಡಿಯುವ, ಉದ್ದ ಹಿಡಿಯ ಕಪ್ಪು ಪ್ಲಾಸ್ಟಿಕ್ ಬಿಲ್ಲೆ ಥೇಟ್ ಸೌಟಿನ ಹಾಗೇ ಇದೆ. ಆ ಹೆಸರು ಎಷ್ಟರಮಟ್ಟಿಗೆ ನಿಂತಿದೆಯೆಂದರೆ ಕಣ್ಣಾಸ್ಪತ್ರೆಯ ಡಾಕ್ಟರಮ್ಮನೂ ಫೋನಿನಲ್ಲಿ "ಸೌಟಕ್ಕ, ಎಲ್ಲಿದೀರಿ?" ಎಂದೇ ಕೇಳುತ್ತಾರೆ.

ದಿನಕ್ಕೆ ನೂರರ ಆಸುಪಾಸಿನ ಮಕ್ಕಳು ಅವಳ ಮುಂದೆ ಬಂದು ನಿಲ್ಲುತ್ತಾರೆ. ಪಟದಲ್ಲಿ ಇಂಗ್ಲಿಷಿನ E ಥರದ, ಮೂರು ಕಾಲಿನ ಒಂದೇ ಗುರುತು, ಮೇಲೆ ದೊಡ್ಡದು, ಸಾಲು ಇಳಿದಂತೆ ಚಿಕ್ಕದು. ಕಾಲು ಎತ್ತ ತಿರುಗಿದೆಯೋ ಅತ್ತ ಕೈ ತೋರಿಸಿದರೆ ಆಯಿತು, ಓದಲು ಬರಬೇಕೆಂದೇನಿಲ್ಲ. ಆದರೆ ಕಿಲಾಡಿಗಳಿಗೆ ಬರವೇ? ಸಾಲಿನಲ್ಲಿ ನಿಂತು ಮುಂದಿನವರು ಹೇಳಿದ್ದನ್ನೆಲ್ಲ ಬಾಯಿಪಾಠ ಮಾಡಿ, ಕುರುಡುಪಾಠ ಒಪ್ಪಿಸಿ ಪಾಸಾಗುವವರಿದ್ದಾರೆ. ಅದಕ್ಕೇ ಕಂಕುಳಲ್ಲಿ ನಾಲ್ಕಾರು ಪಟ. ಕೈಯಲ್ಲಿ ಕಣ್ಣು ಮುಚ್ಚಿಕೊಳ್ಳಿ ಅಂದರೆ ಬೆರಳ ಸಂದಿಯಲ್ಲಿ ಇಣುಕುತ್ತಾರೆ. ಅದಕ್ಕೇ ಸೌಟು. "ಕಾಣಲ್ಲ ಅಂದ್ರೆ ಫೇಲು ಅಂದ್ಕೊಂಡಿರ್ತವೆ ಪಾಪ. ಪರೀಕ್ಷೆ ಅನ್ನೋ ಪದಾನೇ ನಾನು ಬಾಯಲ್ಲಿ ತರಲ್ಲ, ಆಟ ಅಂತೀನಿ" ಎನ್ನುತ್ತಾಳೆ.

ಹೊಸದಾಗಿ ಬಂದ ಕ್ಯಾಮೆರಾದ ಮೇಲೆ ಅವಳಿಗೆ ಮುನಿಸಿಲ್ಲ, ಮುದ್ದೇ ಜಾಸ್ತಿ. ಮಾತು ಬಾರದ ಕೂಸನ್ನು ಅಮ್ಮನ ತೊಡೆಯ ಮೇಲೆ ಕೂರಿಸಿ, ಕೀ ಕೀ ಎನ್ನುವ ಗೊಂಬೆ ಒತ್ತಿ, ಕೂಸು ಇತ್ತ ತಿರುಗಿದ ಕ್ಷಣ ಗುಂಡಿ ಅದುಮಿದರೆ ಎರಡು ಕಣ್ಣುಗಳ ವ್ಯತ್ಯಾಸವನ್ನೂ ಅದು ಹೇಳಿಬಿಡುತ್ತದೆ. "ನನಗಿಂತ ಜಾಣೆ ಅದು. ಆದ್ರೆ ಮನೆಗೆ ಹೋಗಿ ಅಜ್ಜಿಯಂದ್ರ ಜೊತೆ ಜಗಳ ಆಡೋಕೆ ಅದಕ್ಕೆ ಬರಲ್ಲ. ಆ ಕೆಲಸ ನಂದೇ" ಎಂದು ನಗುತ್ತಾಳೆ.

ಅಂಥ ಜಗಳವೊಂದರ ಫಲ ಇವತ್ತು ಗೊತ್ತಾಗಬೇಕು. ಹಗ್ಗ ಅಳೆಯುವಾಗಲೂ ಅವಳ ಗಮನ ಗೇಟಿನ ಕಡೆಗೇ ಇದೆ. ಶಿಶುವಿಹಾರದ ಚಿನಕುರಳಿ ಇವತ್ತು ಮರುಪರೀಕ್ಷೆಗೆ ಬರುತ್ತಾಳೆ. ಅವಳ ಎಡಗಣ್ಣು ಉಳಿಯುತ್ತದೋ ಇಲ್ಲವೋ ಎನ್ನುವುದು ಇವತ್ತಿನ ಪಟದ ಮೇಲೆ ಕಾಣುತ್ತದೆ.

ಸೌಟಕ್ಕನಿಗೆ ಇದು ಬರೀ ನೌಕರಿಯಲ್ಲ. ಚಿಕ್ಕಂದಿನಲ್ಲಿ ಅವಳಿಗೂ ಬೋರ್ಡು ಕಾಣುತ್ತಿರಲಿಲ್ಲ. "ಟೀಚರ್ ಅಲ್ಲಿ ಬರೆಯೋದು ತಮ್ಮ ಜ್ಞಾಪಕಕ್ಕೆ ಅಂದ್ಕೊಂಡಿದ್ದೆ! ಪಕ್ಕದವಳ ಪುಸ್ತಕ ನೋಡಿ ಬರೀತಿದ್ದೆ, ಕಾಪಿ ಹೊಡೀತಾಳೆ ಅಂತ ಏಟು ತಿಂದೆ. ಎಲ್ಲರಿಗೂ ಹೀಗೇ ಕಾಣೋದು ಅಂದ್ಕೊಂಡ್ರೆ ಯಾರಿಗೆ ಅಂತ ದೂರು ಹೇಳೋದು?" ದಡ್ಡಿ ಎಂಬ ಬಿರುದು ಹೊತ್ತು ಶಾಲೆ ಬಿಟ್ಟಳು. ಕೊನೆಗೆ ಪತ್ತೆ ಹಚ್ಚಿದ್ದು ಅತ್ತೆ. ಬಸ್ಸಿನ ಬೋರ್ಡು ಓದಲು ದಿನವೂ ಮಂದಿಯನ್ನು ಕೇಳುತ್ತಿದ್ದ ಸೊಸೆಯನ್ನು ಅವರೇ ಕೈಹಿಡಿದು ಕಣ್ಣಾಸ್ಪತ್ರೆಗೆ ಕರೆದೊಯ್ದರು. ಕನ್ನಡಕ ಹಾಕಿಕೊಂಡ ದಿನ ಅವಳು ಅಳುತ್ತ ಮನೆಗೆ ಬಂದಳಂತೆ. ಆಮೇಲೆ ಅದೇ ಆಸ್ಪತ್ರೆಯಲ್ಲಿ ನೆಲ ಒರೆಸುವ ಕೆಲಸಕ್ಕೆ ಸೇರಿ, ನೋಡುತ್ತ ನೋಡುತ್ತ ಕಲಿತು, ತರಬೇತಿ ಮುಗಿಸಿ ಶಾಲೆಗಳ ದಾರಿ ಹಿಡಿದಳು. ಪಟ ತೂಗುಹಾಕಲು ಚೀಲದಲ್ಲಿ ಒಯ್ಯುವ, ಮಡಚುವ ಸ್ಟ್ಯಾಂಡು ಬಡಗಿ ಗಂಡನ ಕೈಚಳಕ. "ಇವಳಿಂದ ಊರ ಮಕ್ಕಳ ಕಣ್ಣು ಸರಿಯಾಯ್ತು, ಮನೇಲಿ ನನ್ನ ಕಿವಿ ಹೋಯ್ತು" ಎನ್ನುವುದು ಅವನ ಮಾಮೂಲಿ ತಮಾಷೆ.

ಚಿನಕುರಳಿ ಕೈಗೆ ಸಿಕ್ಕಿದ್ದು ಶಾಲೆ ಶುರುವಾದ ಹೊಸತರಲ್ಲಿ. ಎಡಗಣ್ಣು ಮುಚ್ಚಿದರೆ ಗಪ್‌ಚುಪ್ ಕೂರುತ್ತಿದ್ದ ಹುಡುಗಿ, ಬಲಗಣ್ಣು ಮುಚ್ಚಿದ ತಕ್ಷಣ ರಂಪ ತೆಗೆದು ಸೌಟು ಕಿತ್ತೆಸೆದಳು. "ಇವಳು ಯಾವಾಗಲೂ ಹೀಗೇ, ಬರೀ ತಂಟೆ" ಎಂದು ಟೀಚರ್ ಗದರಲು ಹೊರಟರು. ಸೌಟಕ್ಕ ತಡೆದಳು. ಕಾಣುವ ಕಣ್ಣನ್ನು ಮುಚ್ಚಿದರೆ ಯಾರು ತಾನೇ ಸುಮ್ಮನಿದ್ದಾರು? ಕ್ಯಾಮೆರಾವೂ ಅದನ್ನೇ ಹೇಳಿತು. ಎರಡು ಕಣ್ಣಿನ ಪವರಿಗೂ ಅಜಗಜಾಂತರ. ಮಂಜಾಗಿ ಕಾಣುವ ಎಡಗಣ್ಣನ್ನು ಮಿದುಳು ಬಳಸುವುದನ್ನೇ ಬಿಟ್ಟಿತ್ತು.

ಡಾಕ್ಟರಮ್ಮ ಕನ್ನಡಕ ಬರೆದುಕೊಟ್ಟು, ದಿನಕ್ಕೆ ಕೆಲವು ಗಂಟೆ ಬಲಗಣ್ಣಿಗೆ ಪಟ್ಟಿ ಅಂಟಿಸಲು ಹೇಳಿದರು. ಒಳ್ಳೇ ಕಣ್ಣಿಗೆ ರಜೆ ಕೊಟ್ಟರೆ ಸೋಮಾರಿ ಕಣ್ಣು ದುಡಿಯಲು ಕಲಿಯುತ್ತದೆ. ಆದರೆ ಅದು ಎಳೆಯ ವಯಸ್ಸಿನಲ್ಲೇ ಆಗಬೇಕು, ತಡವಾದಷ್ಟೂ ಕಷ್ಟ. ಚಿನಕುರಳಿಗೆ ಆಗಲೇ ಐದು ದಾಟಿದೆ.

ತಂದೆತಾಯಿ ಇಬ್ಬರೂ ಬೆಳಗಾದರೆ ಕೆಲಸಕ್ಕೆ ಹೋಗುವವರು. ಮಗು ಅಜ್ಜಿಯ ಸುಪರ್ದಿ. ಅಜ್ಜಿ ಮನೆಯಲ್ಲೇ ಕೂತು ದರ್ಜಿ ಅಂಗಡಿಯ ಅಂಗಿಗಳಿಗೆ ಗುಂಡಿ ಹೊಲಿಯುತ್ತಾಳೆ. ಪಟ್ಟಿ ಕಂಡದ್ದೇ ಆಕೆ ಕೆಂಡವಾದಳು. "ಒಂದು ಕಣ್ಣಾದ್ರೂ ಚೆನ್ನಾಗಿದೆಯಲ್ಲ ತಾಯಿ, ಅದನ್ನೂ ಮುಚ್ಚು ಅಂತೀಯಲ್ಲ, ನಿಂಗೆ ಬುದ್ಧಿ ನೆಟ್ಟಗಿದೆಯಾ?" ಮಗ ಸೊಸೆ ಹೇಳಿದ ಮೇಲೆ ಮುಖ ಊದಿಸಿಕೊಂಡೇ ಒಪ್ಪಿದಳು. ಮೊದಲ ತಪಾಸಣೆ ಬಂತು. ಎಡಗಣ್ಣಿನಲ್ಲಿ ಎಳ್ಳಷ್ಟೂ ಬದಲಾವಣೆ ಇರಲಿಲ್ಲ.

ಸೌಟಕ್ಕನಿಗೆ ಅನುಮಾನ ಬಂತು. ಹೇಳದೆ ಕೇಳದೆ ಒಂದು ಸಂಜೆ ಆ ಮನೆಗೆ ಹೋದಳು. ಚಿನಕುರಳಿ ಪಟ್ಟಿ ಹಾಕಿಕೊಂಡೇ ಟಿವಿ ನೋಡುತ್ತಿದ್ದಳು, ಆದರೆ ಕೋಳಿಯ ಹಾಗೆ ಕತ್ತು ಓರೆ ಮಾಡಿಕೊಂಡು. ಹತ್ತಿರ ಹೋಗಿ ನೋಡಿದರೆ ಮೂಗಿನ ಪಕ್ಕ ಪಟ್ಟಿಯ ಅಂಚು ಬಿಚ್ಚಿತ್ತು. ಇಷ್ಟು ಅಚ್ಚುಕಟ್ಟಾಗಿ ಬಿಚ್ಚಿದ್ದು ಯಾರೆಂದು ಕೇಳಿದಾಗ ಹುಡುಗಿ ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟಳು. "ಅಜ್ಜಿ ಕಿಟಕಿ ತೆಗೀತಾಳೆ. ಅಮ್ಮ ಬಂದಾಗ ಮುಚ್ತಾಳೆ."

ಅಜ್ಜಿ ಸೂಜಿ ಬಿಸಾಕಿ ಎದ್ದಳು. "ಹೌದಮ್ಮ, ತೆಗೀತೀನಿ! ಗೋಡೆಗೆ ಡಿಕ್ಕಿ ಹೊಡ್ಕೊಂಡು ಅಳ್ತಾ ಬರುತ್ತೆ ಮಗು. ನೀನು ಅಂಟಿಸಿ ಹೋಗ್ತೀಯ, ಕಣ್ಣೀರು ಒರೆಸೋಳು ನಾನು!" ಸೌಟಕ್ಕನಿಗೆ ಬೈಗುಳ ಹೊಸದಲ್ಲ. ಆದರೆ ಆ ಮಾತಿಗೆ ಅವಳ ಕೋಪ ಇಳಿದುಹೋಯಿತು. ಆಕೆಯ ತಪ್ಪೆಲ್ಲ ಮಮತೆಯದ್ದೇ ಆಗಿತ್ತು. ಆಕೆಗೆ ಉಪದೇಶ ಮಾಡಿ ಏನು ಪ್ರಯೋಜನ?

ಸೌಟಕ್ಕ ಅಜ್ಜಿಯ ಗುಂಡಿ ಡಬ್ಬಿಯನ್ನೇ ಎಳೆದುಕೊಂಡಳು. ಚಿನಕುರಳಿಯ ಪಟ್ಟಿ ತೆಗೆದು, ಎಡಗಣ್ಣು ಮುಚ್ಚಿ, ಗುಂಡಿ ತೋರಿಸಿದಳು. "ಎರಡು ತೂತು. ಇದು ನಾಲ್ಕು" ಎಂದು ಹುಡುಗಿ ಪಟಪಟ ಹೇಳಿದಳು. ಆಮೇಲೆ ಬಲಗಣ್ಣು ಮುಚ್ಚಿ ಅದೇ ಗುಂಡಿಗಳನ್ನು ಹಿಡಿದಳು. ಹುಡುಗಿ ತಡಕಾಡಿದಳು. ದೊಡ್ಡ ಕೋಟಿನ ಗುಂಡಿ ಹಿಡಿದರೂ ಗೊತ್ತಾಗಲಿಲ್ಲ. ಕೊನೆಗೆ ಅಜ್ಜಿ ಎಲ್ಲಿದ್ದಾಳೆಂದು ಕೇಳಿದಾಗ ಎದುರಿಗಿದ್ದವಳನ್ನು ನೋಡಿ, "ಮಾತಾಡಜ್ಜಿ, ಮುಖ ಕಾಣ್ತಿಲ್ಲ" ಎಂದಳು.

ಓಡಾಡಿಕೊಂಡು ಆಡಿಕೊಂಡು ಇದ್ದ ಮಗುವಿನ ಒಂದು ಕಣ್ಣು ಇಷ್ಟು ಮಂಕೆಂದು ಅಜ್ಜಿಗೆ ತಿಳಿದೇ ಇರಲಿಲ್ಲ. ಪಟ್ಟಿಯ ಕಿರಿಕಿರಿಗೆ ಅಳುತ್ತಾಳೆಂದೇ ಭಾವಿಸಿದ್ದಳು. "ಇಷ್ಟೊಂದಾ? ನನ್ನ ಮುಖಾನೂ ಕಾಣಲ್ವಾ?" ಎಂದು ಕೂತುಬಿಟ್ಟಳು. ಸೌಟಕ್ಕ ಆಕೆಯ ಪಕ್ಕದಲ್ಲೇ ಕೂತು ಹೇಳಿದ್ದಿಷ್ಟೇ. "ಈಗ ಅತ್ರೆ ಕಣ್ಣೀರು ಒರೆಸೋಕೆ ನೀವಿದೀರಿ ಅಜ್ಜಿ. ದೊಡ್ಡವಳಾದ ಮೇಲೆ ಅತ್ರೆ ನಾವಿಬ್ಬರೂ ಇರಲ್ಲ."

ಮರುದಿನದಿಂದ ಅಜ್ಜಿ ಪೊಲೀಸಾದಳು. ಪಟ್ಟಿ ಅಂಟಿಸುವುದೂ ಅವಳೇ, ಮೇಲೆ ಕನ್ನಡಕ ಏರಿಸುವುದೂ ಅವಳೇ. ಮೇಜಿನ ಮೂಲೆಗಳಿಗೆಲ್ಲ ಚಿಂದಿ ಬಟ್ಟೆ ಸುತ್ತಿದಳು. ಪಕ್ಕದಲ್ಲಿ ಮೊಮ್ಮಗಳನ್ನು ಕೂರಿಸಿಕೊಂಡು ಗುಂಡಿ ಬೇರ್ಪಡಿಸುವ ಕೆಲಸ ಕೊಟ್ಟಳು. ಮೊದಮೊದಲು ಬಣ್ಣ, ಆಮೇಲೆ ಗಾತ್ರ, ಆಮೇಲೆ ತೂತು. ಅಳುವಿತ್ತು, ಹಟವಿತ್ತು, ಪಟ್ಟಿಯನ್ನು ಕಿತ್ತು ಮಂಚದ ಕೆಳಗೆ ಅಂಟಿಸಿದ್ದೂ ಇತ್ತು. ಒಮ್ಮೆ ಸೊಸೆಗೇ ಮನಸ್ಸು ಕರಗಿ "ಇವತ್ತೊಂದು ದಿನ ಬಿಡಿ ಅತ್ತೆ" ಎಂದಾಗ ಅಜ್ಜಿ ಕಡ್ಡಿ ಮುರಿದಂತೆ ಆಗುವುದಿಲ್ಲ ಎಂದಳಂತೆ.

ಈಗ ಅವರಿಬ್ಬರೂ ಮೂಲೆ ಕೋಣೆಯ ಬಾಗಿಲಲ್ಲಿ ನಿಂತಿದ್ದಾರೆ. ಸೌಟಕ್ಕ ಮಾಮೂಲಿನಂತೆ ನಗುತ್ತಾಳೆ. ಚಿನಕುರಳಿಯನ್ನು ಕೆಂಪು ಟೇಪಿನ ಮೇಲೆ ನಿಲ್ಲಿಸಿ ಬಲಗಣ್ಣು ಮುಚ್ಚುತ್ತಾಳೆ. ಮೊದಲ ಸಾಲು ಸರಿ. ಎರಡನೆಯದೂ ಸರಿ. ಮೂರನೆಯದರಲ್ಲಿ ಹುಡುಗಿ ತುಟಿ ಕಚ್ಚಿ, ಕೈ ಮೇಲೆತ್ತಿ, ಕೆಳಗಿಳಿಸಿ, ಸರಿಯಾಗಿಯೇ ತೋರಿಸುತ್ತಾಳೆ. ಸೌಟಕ್ಕನಿಗೆ ಖುಷಿಯಾಗುವ ಬದಲು ಭಯವಾಗುತ್ತದೆ. ಎಲ್ಲಾದರೂ ಬಾಯಿಪಾಠ ಮಾಡಿಕೊಂಡಿದ್ದಾಳೆಯೇ? ಪಟ ಬದಲಿಸಿ ಇನ್ನೊಮ್ಮೆ ಕೇಳುತ್ತಾಳೆ. ಹೊಸ ಪಟದಲ್ಲೂ ಹುಡುಗಿ ಮೂರು ಸಾಲು ಇಳಿದು, ನಾಲ್ಕನೆಯದರಲ್ಲಿ ಎರಡು ಗುರುತು ಹೇಳಿ, "ಮುಂದಿಂದು ಇರುವೆ ಥರ ಇದೆ" ಎಂದು ಕೈಚೆಲ್ಲುತ್ತಾಳೆ. ಮೊದಲ ಸಾಲೂ ಕಾಣದಿದ್ದ ಕಣ್ಣು ಅದು.

ಸೌಟಕ್ಕ ಗೋಡೆಯ ಕಡೆ ತಿರುಗಿ ಕನ್ನಡಕ ಒರೆಸಿಕೊಳ್ಳುತ್ತಾಳೆ. ಡಾಕ್ಟರಮ್ಮನಿಗೆ ಫೋನು ಹೋಗುತ್ತದೆ. ಕಣ್ಣು ದಾರಿಗೆ ಬಂದಿದೆ, ಪಟ್ಟಿ ಇನ್ನೂ ಕೆಲವು ತಿಂಗಳು ಬಿಡಬಾರದು ಎನ್ನುತ್ತಾರೆ ಅವರು. ಅಜ್ಜಿ ಸೌಟಕ್ಕನ ಕೈಗಳೆರಡನ್ನೂ ಹಿಡಿದುಕೊಳ್ಳುತ್ತಾಳೆ. ಚಿನಕುರಳಿ ಅಷ್ಟರಲ್ಲಿ ಅಂಗಳ ಸೇರಿಯಾಗಿದೆ. "ಏ ಬಾರೇ ಇಲ್ಲಿ, ಅಕ್ಕಂಗೊಂದು ಥ್ಯಾಂಕ್ಸ್ ಹೇಳೋಕೂ ಆಗಲ್ವಾ ನಿಂಗೆ?" ಎಂದು ಅಜ್ಜಿ ಕೂಗಿದರೆ ಅವಳು ತಿರುಗಿಯೂ ನೋಡುವುದಿಲ್ಲ.

"ಬೈಬೇಡಿ ಅಜ್ಜಿ" ಎನ್ನುತ್ತಾಳೆ ಸೌಟಕ್ಕ. "ನಮ್ಮ ಬೀದಿ ಸೈಕಲ್ ಅಂಗಡೀಲಿ ಒಬ್ಬ ಹುಡುಗ ಇದಾನೆ. ನಾನು ಎದುರಾದಾಗಲೆಲ್ಲ ನಿಂತು, ಅಕ್ಕ ಚೆನ್ನಾಗಿದೀರಾ ಅಂತ ಕೇಳ್ತಾನೆ. ಅವನು ನನ್ನ ಕೈಗೆ ಸಿಕ್ಕಿದ್ದು ಹನ್ನೆರಡು ವರ್ಷ ದಾಟಿದ ಮೇಲೆ. ಎಷ್ಟು ಪಟ್ಟಿ ಕಟ್ಟಿದ್ರೂ ಅವನ ಮಂಕು ಕಣ್ಣು ಸರಿಹೋಗಲಿಲ್ಲ. ಅವನು ಇವತ್ತಿಗೂ ನನ್ನನ್ನ ಮರೆತಿಲ್ಲ. ಇವಳು ಮರೀಲಿ ಬಿಡಿ."