ಭೂಪತಿಯಣ್ಣನ ಸೇಡು
ತಮಿಳು ಸೀಮೆಯ ನೇಕಾರರ ಊರು ನೆಗಮಂನಲ್ಲಿ ಸೀರೆ ನೋಡಲು ಹೋದವನು ಮಗ್ಗದ ನೂಲಿನ ಮೇಲೆ ಕಾಫಿ ಚೆಲ್ಲಿಬಿಟ್ಟೆ. ನೇಕಾರ ಭೂಪತಿಯಣ್ಣ “ಪರವಾಯಿಲ್ಲ ಸಾರ್” ಎಂದು ನಕ್ಕರು. ಅಂದೇ ತಮ್ಮ ಕಾದಂಬರಿಯಲ್ಲಿ ನನ್ನನ್ನು ಕೊಂದರು. ಮನೆಮಾತಾದ ಕನ್ನಡದಲ್ಲೇ, ಆದರೆ ತಮಿಳು ಅಕ್ಷರದಲ್ಲಿ ಅವರು ಬರೆಯುತ್ತಿರುವ ಆ ಘೋರ ಕಥೆಯ ನಾಯಕನೂ ನೇಕಾರನೇ. ಅನ್ಯಾಯಕ್ಕೆ ಸೇಡು ತೀರಿಸುವ ದೇವಿ ಮಾಸಾಣಿಯಮ್ಮನಿಗೆ ಮೆಣಸಿನಕಾಯಿ ಅರೆದು ಹಚ್ಚಿ ಸೇಡು ಬೇಡುತ್ತಾನೆ; ಒಂದೊಂದು ಹೆಣಕ್ಕೂ ಬೆಲೆಯಾಗಿ ಅಮ್ಮ ಅವನ ಕಣ್ಣಿನಿಂದ ಒಂದೊಂದು ಬಣ್ಣ ಕಿತ್ತುಕೊಳ್ಳುತ್ತಾಳೆ. ಕರೆಂಟು ಕಡಿದವನ ಸಾವಿಗೆ ಕೆಂಪು ಹೋಯಿತು, ಚೌಕಾಸಿ ಮಾಡಿದವಳ ಸಾವಿಗೆ ಹಸಿರು. ನನಗೆ ಬರೀ ಬೂದಿ ಬಣ್ಣ! ಆದರೆ ಅಣ್ಣನ ತೀರಿಹೋದ ಹೆಂಡತಿ ಚಂದ್ರಾ ಕಲ್ಪಿಸಿದ ಸೀರೆಯಂಚನ್ನು ಕದ್ದು ತನ್ನದೆಂದು ಮಾರಿದ ವ್ಯಾಪಾರಿ ಮಾತ್ರ ಅರವತ್ತು ಅಧ್ಯಾಯ ದಾಟಿದರೂ ಗುಂಡುಕಲ್ಲಿನಂತಿದ್ದಾನೆ. “ಅವನನ್ನೇಕೆ ಬಿಟ್ಟಿರಿ?” ಎಂದೆ. ಅಣ್ಣ ಲಾಳಿ ನಿಲ್ಲಿಸಲಿಲ್ಲ. “ಬಾಕಿ ಇರೋದು ಚಂದ್ರಾ ಉಡ್ತಿದ್ದ ನೀಲಿ ಒಂದೇ ಸಾರ್. ಅವನಿಗೆ ಅದು ಜಾಸ್ತಿ.”