ಹುರುಳಿ ಕಣದಲ್ಲಿ ಒಂದು ರ‍್ಯಾಪ್ ಹಾಡು

ಎರಡು ವರ್ಷದ ಹಿಂದಿನ ಮಾತು. ಸಂಕ್ರಾಂತಿ ಕಳೆದು ಬಂದ ಮೊದಲ ಭಾನುವಾರ. ನಾನು ಅಜ್ಜಂಪುರದ ಹತ್ತಿರದ ಹಳ್ಳಿಯೊಂದರಲ್ಲಿ ಅಂಗನವಾಡಿ ಕಾರ್ಯಕರ್ತೆ. ವಾರದಲ್ಲಿ ಆರು ದಿನ ಮಕ್ಕಳ ಮೇಲೆ ಕೂಗಾಡುತ್ತೇನೆ, ಏಳನೇ ದಿನ ಮನೆಯವರ ಮೇಲೆ. ಅವತ್ತು ಮನೆಯವರು ಯಾವುದೋ ಮದುವೆಗೆ ಹೋಗಿದ್ದರಿಂದ ಕೂಗಾಡಲು ಯಾರೂ ಇರಲಿಲ್ಲ. ಒಂದೂವರೆ ಎಕರೆಯ ಹುರುಳಿಯನ್ನು ಬೆಳಿಗ್ಗೆಯೇ ಟಾರು ರಸ್ತೆಯ ಮೇಲೆ ಹರಡಿ, ಪಕ್ಕದಲ್ಲಿ ಮೊರ ಹಿಡಿದು ಕುಳಿತಿದ್ದೆ.

ರಸ್ತೆಯಲ್ಲಿ ಒಕ್ಕಣೆ ಮಾಡುವುದು ತಪ್ಪು. ಪಂಚಾಯಿತಿಯವರು ಹೇಳಿದ್ದಾರೆ, ಪೊಲೀಸರು ಹೇಳಿದ್ದಾರೆ, ತಾಯಂದಿರ ಸಭೆಯಲ್ಲಿ ಸ್ವತಃ ನಾನೇ ಹೇಳಿದ್ದೇನೆ. ಆದರೂ ನಮ್ಮ ಕಡೆ ಮಾಡುತ್ತೇವೆ. ಹೋಗಿ ಬರುವ ಗಾಡಿಗಳ ಚಕ್ರಕ್ಕೆ ಸಿಕ್ಕಿ ಕಾಯಿ ಒಡೆದು ಕಾಳು ಉದುರುತ್ತದೆ, ಹೊಟ್ಟು ತೂರಿ ಮನೆಗೆ ಒಯ್ದರಾಯಿತು. ನನ್ನ ಗ್ರಹಚಾರಕ್ಕೆ ಅವತ್ತೇ ಮುಂದಿನ ಸೇತುವೆ ರಿಪೇರಿ ಎಂದು ಬಸ್ಸುಗಳನ್ನೆಲ್ಲ ಬೇರೆ ದಾರಿಗೆ ತಿರುಗಿಸಿದ್ದರು. ಮಧ್ಯಾಹ್ನದವರೆಗೆ ಬಂದಿದ್ದು ಎರಡು ಬೈಕು, ಒಂದು ಹಾಲಿನ ಆಟೋ. ಮೇಲೆ ಮೋಡ ಬೇರೆ ಕಟ್ಟುತ್ತಿತ್ತು.

ಆಗ ಒಂದು ಹಸಿರು ಜೀಪು ಬಂದು ನಿಂತಿತು. ಇಬ್ಬರು ಹುಡುಗರು, ಒಬ್ಬಳು ಹುಡುಗಿ. ಹುಡುಗಿ ಇಳಿದು ಬಂದು, "ಆಂಟಿ, ಒಂದ್ ಹಾಡಿನ ಶೂಟಿಂಗ್ ಐತೆ. ಖಾಲಿ ರಸ್ತೆ ಅಂತ ಇಲ್ಲಿಗೆ ಬಂದ್ವಿ. ಇದನ್ನ ಒಂಚೂರು ಪಕ್ಕಕ್ಕೆ ಸರಿಸ್ತೀರಾ?" ಎಂದು ಕೇಳಿದಳು.

"ಸರಿಸೋದ್ಯಾಕವ್ವಾ? ಮೇಲೇ ಓಡ್ಸಿ. ಎಷ್ಟ್ ಸಲ ಬೇಕಾದ್ರೂ ಓಡ್ಸಿ" ಎಂದೆ. ದೇವರೇ ಜೀಪು ಕಳಿಸಿದನೆಂದು ಒಳಗೊಳಗೇ ಕೈ ಮುಗಿದೆ.

ಹುಡುಗಿಯ ಹೆಸರು ಭೂಮಿಕಾ, ತರೀಕೆರೆಯವಳು. ಜೀಪು ಓಡಿಸುತ್ತಿದ್ದ ಕಿರಣ್ ಕಡೂರಿನವನು. ಕ್ಯಾಮೆರಾ ಹಿಡಿದಿದ್ದ ಸಂತೋಷ್ ನಮ್ಮ ಅಜ್ಜಂಪುರದವನೇ. ಮೂವರೂ ಸೇರಿ ರ‍್ಯಾಪ್ ತಂಡ ಕಟ್ಟಿಕೊಂಡು ಅದಕ್ಕೆ 'ಮೂರು ತಾಲ್ಲೂಕು' ಎಂದು ಹೆಸರಿಟ್ಟಿದ್ದರು. ಇದು ಅವರ ಮೊದಲನೇ ಹಾಡು. ಕ್ಯಾಮೆರಾ ಬಾಡಿಗೆಯದು, ಸಂಜೆ ಆರಕ್ಕೆ ವಾಪಸ್ ಕೊಡಬೇಕು. ಜೀಪು ಕಿರಣನ ಸೋದರಮಾವನದು. ಅವರು ಕೆಮ್ಮಣ್ಣುಗುಂಡಿಗೆ ಪ್ರವಾಸಿಗರನ್ನು ಕರೆದೊಯ್ಯುವವರು, ಕಾಡಿ ಬೇಡಿದ ಮೇಲೆ ಒಂದು ದಿನದ ಮಟ್ಟಿಗೆ ಕೊಟ್ಟಿದ್ದರು. ಭೂಮಿಕಾ ಮಾರನೇ ದಿನವೇ ನರ್ಸ್ ಕೆಲಸಕ್ಕೆ ದೂರದ ಊರಿಗೆ ಹೊರಟವಳು. "ಇವತ್ತು ಮುಗೀಲಿಲ್ಲ ಅಂದ್ರೆ ಹಾಡು ಫೋನಲ್ಲೇ ಕೊಳೀತದೆ ಆಂಟಿ" ಎಂದಳು.

ಶೂಟಿಂಗ್ ಶುರುವಾಯಿತು. ಜೀಪಿನ ಹಿಂಬದಿ ಹತ್ತಿ ನಿಂತು ಭೂಮಿಕಾ ಹಾಡುವುದು, ಕಿರಣ್ ಹುರುಳಿಯ ಮೇಲೆ ರೊಯ್ಯನೆ ಓಡಿಸುವುದು, ಸಂತೋಷ್ ಪಕ್ಕದಲ್ಲಿ ಮಂಡಿಯೂರಿ ಚಿತ್ರೀಕರಿಸುವುದು. ಹೊಟ್ಟು ಹಾರುವುದು ಅವರಿಗೂ ಚೆಂದ, ನನಗೂ ಚೆಂದ. ಪ್ರತಿ ಸುತ್ತು ಮುಗಿದಾಗಲೂ ಅವರು ಕ್ಯಾಮೆರಾ ನೋಡುತ್ತಿದ್ದರು, ನಾನು ಕಾಳು ನೋಡುತ್ತಿದ್ದೆ. ಹಾಡು ನನ್ನ ಕಿವಿಗೆ ಬೀಳುತ್ತಲೇ ಇರಲಿಲ್ಲ. ಬಿದ್ದಷ್ಟೂ ಜಗಳದಂತೆ ಕೇಳಿಸಿತು.

ಐದನೇ ಸುತ್ತಿಗೆ ಕಿರಣ್ ಜೀಪು ನಿಲ್ಲಿಸಿದ. "ಸಾಕು. ಕೆಳಗೆ ಏನೋ ಸುತ್ಕೊಂಡಂಗೈತೆ, ವಾಸ್ನೆ ಬತ್ತೈತೆ."

ನಾನು ಬಿಡಬೇಕಲ್ಲ! ಕೊನೆಯ ಭಾಗದ ಕಾಯಿ ಇನ್ನೂ ಒಡೆದಿರಲಿಲ್ಲ. "ಏನೂ ಆಗಲ್ಲ ಕಣೋ, ದಿನಾ ಬಸ್ಸು ಓಡಾಡಲ್ವಾ? ಇನ್ನೊಂದ್ ಸುತ್ತು ಹೊಡಿ, ನಿನ್ ಪುಣ್ಯ" ಎಂದೆ. ದೊಡ್ಡವರ ಮಾತು ತೆಗೆದುಹಾಕಲಾರದೆ ಅವನು ಮತ್ತೆ ಹತ್ತಿದ.

ಹುರುಳಿ ಬಳ್ಳಿ ಗಾಡಿಯ ಅಡಿಯಲ್ಲಿ ಸುತ್ತಿಕೊಂಡು, ಕಾದ ಸೈಲೆನ್ಸರ್‌ಗೆ ತಾಗಿದರೆ ಹತ್ತಿಕೊಳ್ಳುತ್ತದೆ. ಇದು ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಕೇಳಿದ್ದೆ, ನಮಗೆ ಆಗುವುದಿಲ್ಲ ಎಂದುಕೊಂಡಿದ್ದೆ. ಜೀಪು ಅರ್ಧ ದಾರಿ ಹೋಗುವಷ್ಟರಲ್ಲಿ ಕೆಳಗಿನಿಂದ ಹೊಗೆ, ಹಿಂದೆಯೇ ಬೆಂಕಿ. ಭೂಮಿಕಾ ಮೇಲಿಂದ ಹಾರಿದಳು. ಕಿರಣ್ ಜೀಪನ್ನು ಹುರುಳಿಯಿಂದ ಆಚೆ ತಂದು ನಿಲ್ಲಿಸಿ ಇಳಿದ. ಸಂತೋಷ್ ಬೊಗಸೆಯಲ್ಲಿ ಮಣ್ಣು ಎರಚತೊಡಗಿದ. ನಾನು ಕುಡಿಯಲು ತಂದಿದ್ದ ಕೊಡದ ನೀರನ್ನೆಲ್ಲ ಕಾಳು ತುಂಬುವ ಗೋಣಿಚೀಲಕ್ಕೆ ಸುರಿದೆ. ಭೂಮಿಕಾ ಅದನ್ನು ಕಿತ್ತುಕೊಂಡು ನೆಲಕ್ಕೆ ಬಿದ್ದು ಜೀಪಿನ ಕೆಳಗೆ ತುರುಕಿದಳು. ಬೆಂಕಿ ಆರುವ ಹೊತ್ತಿಗೆ ಅವಳ ಹಣೆಯ ಮೇಲಿನ ಕೂದಲು ಸುಟ್ಟು ಮುಖವೆಲ್ಲ ಮಸಿಯಾಗಿತ್ತು. ಯಾರಿಗೂ ಹೆಚ್ಚಿನ ಗಾಯವಾಗಲಿಲ್ಲ.

ಜೀಪಿನ ವೈರುಗಳೆಲ್ಲ ಸುಟ್ಟುಹೋಗಿದ್ದವು. ಕಿರಣ್ ಮಾವನಿಗೆ ಫೋನ್ ಮಾಡಿ, ಮೋರಿಯ ಮೇಲೆ ತಲೆಗೆ ಕೈ ಹೊತ್ತು ಕೂತುಬಿಟ್ಟ. ಹಾಡಿನ ಕೊನೆಯ ಚರಣ ಇನ್ನೂ ಬಾಕಿಯಿತ್ತು. ಹನಿ ಶುರುವಾಗುವಂತಿತ್ತು. ಎಲ್ಲ ಮುಗಿಯಿತು, ಈ ಮಕ್ಕಳ ಕೆಲಸ ನನ್ನಿಂದ ಹಾಳಾಯಿತು ಎಂದುಕೊಂಡೆ.

ಭೂಮಿಕಾ, ಸೆರಗೊಂದಿಲ್ಲ ಎನ್ನುವುದು ಬಿಟ್ಟರೆ ಥೇಟ್ ನನ್ನಜ್ಜಿಯಂತೆ, ಸೊಂಟಕ್ಕೆ ಕೈಯಿಟ್ಟು ನಿಂತಳು. "ಎದ್ದೇಳೋ ಕಿರಣ. ಕ್ಯಾಮೆರಾ ಸುಟ್ಟಿಲ್ಲ, ನನ್ ಬಾಯಿ ಸುಟ್ಟಿಲ್ಲ. ನಿಮ್ ಮಾವ ಬರೋದ್ರೊಳಗೆ ಮುಗಿಸೋಣ."

"ಮುಖ ತೊಳ್ಕೊಳೆ" ಎಂದ ಸಂತೋಷ್.

"ನೀರೆಲ್ಲೈತೆ? ಹಿಂಗೇ ತಗೀ."

ಹೊಗೆಯಾಡುವ ಜೀಪಿನ ಮುಂದೆ, ಮಸಿ ಮುಖದಲ್ಲೇ ನಿಂತು ಹಾಡಿದಳು. ಹಾಡು ರೈಲ್ವೆ ಗೇಟಿನ ಬಗ್ಗೆ. ಬೀರೂರಿನಲ್ಲಿ ಸೊಪ್ಪು ಮಾರುತ್ತಿದ್ದ ಅವಳ ಅಮ್ಮ, ಗೇಟು ಬಿದ್ದರೆ ವ್ಯಾಪಾರ ಕೆಡುತ್ತದೆಂದು ಬುಟ್ಟಿ ಹೊತ್ತು ಬಗ್ಗಿ ದಾಟುತ್ತಿದ್ದಳಂತೆ. "ನನ್ನವ್ವ ಬಗ್ಗಿದ್ಳು, ನಾನು ಬಗ್ಗಲ್ಲ, ಗೇಟು ಎದ್ದಾಗ ಮೊದಲು ದಾಟೋಳು ನಾನೇ" ಎಂಬ ಸಾಲು ಬಂದಾಗ ನನಗೆ ಅಳು ತಡೆಯಲಾಗಲಿಲ್ಲ. ಅಷ್ಟು ವೇಗದಲ್ಲಿ ಒಂದಕ್ಷರವೂ ಜಾರಲಿಲ್ಲ. ನಾನು ದಿನಾ ಆಡುವ ಮಾತೇ, ಆದರೆ ಅದಕ್ಕೆ ಇಷ್ಟು ಕಸುವಿದೆಯೆಂದು ನನಗೆ ತಿಳಿದಿರಲಿಲ್ಲ. ಒಂದೇ ಸಲಕ್ಕೆ ಮುಗಿಸಿದಳು. ಆಮೇಲೆ ಮೂವರೂ ಸೇರಿ ಹನಿ ಬೀಳುವ ಮೊದಲು ನನ್ನ ಹುರುಳಿಯನ್ನು ಗುಡ್ಡೆ ಹಾಕಿ ಟಾರ್ಪಾಲ್ ಹೊದಿಸಿದರು!

ಅಷ್ಟರಲ್ಲಿ ಕಿರಣನ ಮಾವ ಬೈಕಿನಲ್ಲಿ ಬಂದರು. "ಲೇ, ಅನ್ನ ಕೊಡೋ ಗಾಡಿ ಕಣೋ ಇದು! ಹುರುಳಿ ಮೇಲೆ ಯಾವನಾದ್ರೂ ಇಷ್ಟ್ ಸಲ ಓಡಿಸ್ತಾನೇನೋ?" ಎಂದು ಕೂಗಾಡಿದರು. ಕಿರಣ್ ತಲೆ ತಗ್ಗಿಸಿದ. ಭೂಮಿಕಾ ಒಮ್ಮೆ ನನ್ನ ಕಡೆ ನೋಡಿದಳು. ನಾನು ಮೊರ ಹಿಡಿದುಕೊಂಡು ನಿಂತಿದ್ದೆ. ನಾನು ರಸ್ತೆಯಲ್ಲಿ ಹರಡಿದ್ದರಿಂದ ಬೆಂಕಿ ಬಿತ್ತೆಂದು ಹೊರಗೆ ಬಂದರೆ ಕೆಲಸಕ್ಕೆ ಸಂಚಕಾರ, ಊರಿನಲ್ಲಿ ಮಾನ ಹೋಗುತ್ತದೆ ಎಂದು ಬಾಯಿ ಕಟ್ಟಿಹೋಯಿತು. ಅವಳು ಅವರ ಕಡೆ ತಿರುಗಿ, "ನಮ್ದೇ ತಪ್ಪು ಅಂಕಲ್, ಶೂಟಿಂಗಿಗೆ ಒಂದ್ ಸಲ ಜಾಸ್ತಿ ಓಡಿಸ್ಬಿಟ್ವಿ" ಎಂದಳು. ಕೂಗಾಡುವುದೇ ಕಸುಬಾಗಿದ್ದ ನಾನು ತುಟಿ ಬಿಚ್ಚಲಿಲ್ಲ.

ಯುಗಾದಿಯ ಹೊತ್ತಿಗೆ ಹಾಡು ಬಂತು. ಬಂದಿದ್ದೇ ತಡ, ಕಡೂರು ಸ್ಟ್ಯಾಂಡಿನ ಆಟೋಗಳಲ್ಲಿ ಅದೇ, ಮದುವೆ ಮೆರವಣಿಗೆಯಲ್ಲಿ ಅದೇ. ನನ್ನ ಅಂಗನವಾಡಿಯ ಮೂರು ವರ್ಷದ ಪುಟಾಣಿಗಳೂ ಉಪ್ಪಿಟ್ಟು ತಿನ್ನುತ್ತಾ "ನಾನು ಬಗ್ಗಲ್ಲ" ಎನ್ನತೊಡಗಿದವು. ವಿಡಿಯೊದಲ್ಲಿ ಎಲ್ಲರಿಗೂ ಹಿಡಿಸಿದ್ದು ಕೊನೆಯ ಹೊಗೆಯ ದೃಶ್ಯ. ಅದನ್ನು ಹೇಗೆ ಮಾಡಿದಿರಿ ಎಂದು ಜನ ಕೇಳಿದರೆ, ನಮ್ಮ ಅಜಾಗರೂಕತೆಯಿಂದ ಆಯಿತು ಎಂದಷ್ಟೇ ಆ ಹುಡುಗಿ ಎಲ್ಲ ಕಡೆ ಹೇಳುತ್ತಾಳೆ. ಆರು ತಿಂಗಳು ಭಾನುವಾರ ಬಂದರೆ ಕಿರಣ್ ಮಾವನ ಜೀಪನ್ನು ತೊಳೆದನಂತೆ. ಅವನೂ ಬಾಯಿ ಬಿಡಲಿಲ್ಲ.

ಕಳೆದ ತಿಂಗಳು ಭೂಮಿಕಾಗೆ ಫೋನ್ ಮಾಡಿ ಕ್ಷಮೆ ಕೇಳಿದೆ. "ಬಿಡಿ ಆಂಟಿ, ನಿಮ್ಗೂ ಮಳೆ ಭಯ ಇತ್ತಲ್ಲ" ಎಂದು ನಕ್ಕಳು. ಅವಳಿಗೆ ಇಪ್ಪತ್ತೆರಡು, ನನಗೆ ಐವತ್ತೊಂದು. ನಾಚಿಕೆಯಾಯಿತು. ಅವಳು ಬಿಟ್ಟಳೆಂದು ನಾನು ಬಿಡುವಂತಿಲ್ಲ.

ಕಿರಣನ ಮಾವ ಪ್ರವಾಸಿಗರಿಗೆ ಕಾಯುತ್ತಾ ಇದೇ ಪತ್ರಿಕೆ ಓದುತ್ತಾರಂತೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಅಣ್ಣಾ, ನಿಮ್ಮ ಹುಡುಗ ಅವತ್ತು ಸಾಕು ಎಂದು ಗಾಡಿ ನಿಲ್ಲಿಸಿದ್ದ. ಮತ್ತೆ ಓಡಿಸು ಎಂದು ಹಟ ಹಿಡಿದವಳು ನಾನು.