ಫೋನಿನೊಳಗೆ ಸತ್ತ ನಾಗ

ಐದು ತಿಂಗಳಿಗೆ ಹೊಟ್ಟೆಯಲ್ಲಿದ್ದದ್ದು ಹೋಯಿತು. ಕುಮಟೆಯ ಆಸ್ಪತ್ರೆಯಿಂದ ತೆಂಗಿನಗುಂಡಿಯ ಗಂಡನ ಮನೆಗೆ ಬಂದಾಗ ನನಗೆ ಅಳು ಬರಲಿಲ್ಲ, ಹಸಿವೂ ಆಗಲಿಲ್ಲ. ಹುಟ್ಟದೆ ಹೋದದ್ದಕ್ಕೆ ಸೂತಕ ಹಿಡಿಯುವುದು, ಮೀಯುವುದು ಏನೂ ಬೇಡ ಎಂದು ಹಿರಿಯರು ಹೇಳಿದರು. ಮರುದಿನವೇ ಅತ್ತೆ ಮೀನಿನ ಬುಟ್ಟಿ ಹೊತ್ತು ಭಟ್ಕಳ ಪೇಟೆಗೆ ನಡೆದರು. ಎರಡು ದಿನ ಕಳೆದು ಗಂಡ ಬೋಟಿಗೆ ಹೋದ. ಎಲ್ಲರೂ ಏನೂ ಆಗಿಲ್ಲವೆಂಬಂತೆ ಇದ್ದರು. ನಾನೂ ಇದ್ದೆ, ಎಲ್ಲರಿಗಿಂತ ಚೆನ್ನಾಗಿಯೇ ಇದ್ದೆ.

ಹೊತ್ತು ಹೋಗಲಿ ಎಂದು ಹಳದೀಪುರದ ನನ್ನ ತಂಗಿ ಫೋನಿಗೆ ಒಂದು ಆಟ ಹಾಕಿಕೊಟ್ಟಳು. ಅದರಲ್ಲೊಂದು ಮೊಟ್ಟೆ. ದಿನಕ್ಕೆ ಮೂರು ಸಲ ಬೆರಳಿಟ್ಟು ಮುಟ್ಟುತ್ತಿದ್ದರೆ ವಾರದಲ್ಲಿ ಮರಿ ಬರುತ್ತದಂತೆ. ಮಗು ಕಳೆದುಕೊಂಡವಳ ಕೈಗೆ ಮೊಟ್ಟೆ ಕೊಡುವಷ್ಟು ಬುದ್ಧಿವಂತೆ ಅವಳು. ಸಿಟ್ಟು ಬರಬೇಕಿತ್ತು, ಅದೂ ಬರಲಿಲ್ಲ. ಸುಮ್ಮನೆ ಮುಟ್ಟುತ್ತಾ ಹೋದೆ. ಮರಿ ಬಂತು. ಹಸಿರು ಮೈ, ಕಾಲಿಲ್ಲ, ಕತ್ತಿನ ಸುತ್ತ ಅಗಲವಾದ ಚರ್ಮ. ಹಲ್ಲಿಯೂ ಅಲ್ಲ, ಹಾವೂ ಅಲ್ಲ. ಎಲೆಯ ಚಿತ್ರ ಒತ್ತಿದರೆ ತಿನ್ನುತ್ತಿತ್ತು.

ಸಂಜೆ ಅತ್ತೆ ಬಗ್ಗಿ ನೋಡಿದರು.

"ಎಂತದೇ ಅದು?"

"ಆಟ, ಅತ್ತೆ."

"ಹೆಡೆ ಉಂಟಲ್ಲೇ. ನಾಗ ಅದು."

ಅಲ್ಲವೆಂದು ವಾದಿಸುವಷ್ಟು ಉಮೇದು ನನಗಿರಲಿಲ್ಲ. ಅಂದಿನಿಂದ ಪೇಟೆಯಿಂದ ಬಂದವರೇ, ಕಾಲು ತೊಳೆಯುವ ಮೊದಲು, "ಅದು ಉಂಡ್ತಾ?" ಎಂದು ಕೇಳುತ್ತಿದ್ದರು. ನನ್ನ ಊಟದ ವಿಚಾರ ಆಮೇಲೆ. ಹೀಗೆ ನಾಲ್ಕು ತಿಂಗಳು ಹೋಯಿತು.

ಡಾಕ್ಟರು ಚೀಟಿಯಲ್ಲಿ ಬರೆದುಕೊಟ್ಟಿದ್ದ ಹೆರಿಗೆಯ ದಿನ ಬಂತು. ಆ ದಿನ ಯಾರಿಗೂ ನೆನಪಿದ್ದಂತೆ ಕಾಣಲಿಲ್ಲ. ನಾನು ಗೋಡೆಗೆ ಮುಖ ಮಾಡಿ ಮಲಗಿದೆ. ನಾಲ್ಕು ದಿನ ಫೋನು ಮುಟ್ಟಲಿಲ್ಲ. ಐದನೆಯ ದಿನ ಚಾರ್ಜಿಗೆ ಹಾಕಿ ತೆರೆದರೆ ಮರಿ ಬೂದಿ ಬಣ್ಣಕ್ಕೆ ತಿರುಗಿ ಅಂಗಾತ ಬಿದ್ದಿತ್ತು.

"ಸತ್ತುಹೋಯ್ತು," ಎಂದೆ.

ಅತ್ತೆ ಮೀನು ಹೆಚ್ಚುತ್ತಿದ್ದವರು ಕತ್ತಿ ಕೆಳಗಿಟ್ಟರು. ನಮ್ಮ ಕಡೆ ಸತ್ತ ನಾಗರಹಾವು ಕಣ್ಣಿಗೆ ಬಿದ್ದರೆ ಹಾಗೇ ಬಿಟ್ಟು ಬರುವಂತಿಲ್ಲ. ಭಟ್ಟರನ್ನು ಕರೆಸಿ ಮನುಷ್ಯರಿಗೆ ಮಾಡಿದ ಹಾಗೆ ಸಂಸ್ಕಾರ ಮಾಡಿಸಬೇಕು, ಕಂಡವರು ತಲೆಗೆ ಮೀಯಬೇಕು.

"ಏಳು ಮಗಾ, ಮೀಯುಕು."

"ಅದು ಆಟ, ಅತ್ತೆ. ಸುಡುಕೆ ಹೆಣವೂ ಇಲ್ಲ."

"ಹೆಣ ಇಲ್ದಿದ್ರೆ ಎಂತ ಆತು? ಇಷ್ಟು ದಿನ ಉಣ್ಸಿದ್ದು ನೀನಲ್ವನೇ?"

ಕೈ ಹಿಡಿದು ಬಾವಿಕಟ್ಟೆಗೆ ಕರೆದೊಯ್ದು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂರಿಸಿದರು. ಒಂದು ಕೊಡಪಾನ ನೀರು ಸೇದಿ ನನ್ನ ತಲೆಗೆ ಸುರಿದರು. ನೀರು ಮೂಗು ಬಾಯಿಗೆಲ್ಲ ಇಳಿಯಿತು. ಆಗ ನಾನು ಹೇಳಿಬಿಟ್ಟೆ.

"ಫೋನಿನ ಹುಳ ಸತ್ತದ್ದಕ್ಕೆ ನನ್ನ ಮೀಸ್ತ್ರಿ. ನನ್ನ ಮಗುವಿಗೆ ಒಂದು ತಂಬಿಗೆ ನೀರು ಹಾಕ್ಲಿಲ್ಲ."

ಬೈಯುತ್ತಾರೆಂದುಕೊಂಡೆ. ಅತ್ತೆ ಹಗ್ಗ ಹಿಡಿದು ಬಾವಿಯೊಳಗೆ ನೋಡುತ್ತ ನಿಂತರು.

"ಹಿರಿಯರು ಬೇಡ ಅಂದ್ರು. ನಾನೂ ಸುಮ್ನಾದೆ. ತಪ್ಪಾತು."

ಮತ್ತೆ ನೀರು ಸೇದಿದರು. ಈ ಸಲ ಕೊಡಪಾನ ಎತ್ತಿ ಮೊದಲು ತಮ್ಮ ತಲೆಗೇ ಹೊಯ್ದುಕೊಂಡರು, ಮೀನು ವಾಸನೆಯ ಸೀರೆಯಲ್ಲೇ. ಉಳಿದದ್ದನ್ನು ನನಗೆ ಸುರಿದರು. ಸುರಿದು, ಕಟ್ಟೆಗೆ ಒರಗಿ ಅಳತೊಡಗಿದರು.

ನನಗೆ ಆಗಲೂ ಅಳು ಬರಲಿಲ್ಲ. ನನ್ನ ಮಗುವಿಗಾಗಿ ಒಬ್ಬರು ಅಳುವುದನ್ನು ನೋಡಿದ್ದು ಅದೇ ಮೊದಲು. ಎದ್ದು ಅವರ ಕೈಯಿಂದ ಹಗ್ಗ ತೆಗೆದುಕೊಂಡು, ಇನ್ನೊಂದು ಕೊಡ ನಾನೇ ಸೇದಿದೆ.